ಥಿಯರಿ ಪೇಪರೂ ನಮ್ಮ ಕಡೆಯ ಹೆಣ್ಣುಮಕ್ಕಳೂ

ಕೆಲವರ ಹಣೆಯಲ್ಲಿ ರಾಜಯೋಗ ಬರೆದಿರುತ್ತದಂತೆ. ನನ್ನ ಹಣೆಬರಹ ಬರೆದವನು ಬರೆಯುವಾಗ ನಗುತ್ತಿದ್ದ ಅಂತ ಕಾಣುತ್ತದೆ. ನಾನು ಎಷ್ಟು ಗಂಭೀರವಾಗಿ ಒಂದು ಕೆಲಸಕ್ಕೆ ಹೊರಟರೂ ಎದುರಿಗೆ ನಿಂತವರು ಏನೋ ಒಂದು ಮಾತು ಅಂದುಬಿಡುತ್ತಾರೆ. ಅಲ್ಲಿಗೆ ನನ್ನ ಗಾಂಭೀರ್ಯ ಮುಗಿಯಿತು. ಬೈಲಹೊಂಗಲದ ಹುಡುಗಿ ನಾನು. ಚಿತ್ರ ಬಿಡಿಸುವ ಹುಚ್ಚಿನಿಂದ ಅನಿಮೇಷನ್ ಕೋರ್ಸಿಗೆ ಸೇರಿದೆ. ಕಡೆಯ ವರ್ಷ ಟಿವಿ, ಜಾಹೀರಾತು, ಕಾರ್ಟೂನುಗಳಲ್ಲಿ ಹೆಣ್ಣನ್ನು ಹೇಗೆ ತೋರಿಸುತ್ತಾರೆ ಅಂತ ಸಂಶೋಧನೆ ಮಾಡಿದೆ. ಸಂಶೋಧನೆ ಅನ್ನುವುದು ದೊಡ್ಡ ಮಾತಾಯಿತು. ಊರೂರು ತಿರುಗಿ ಜಗಳ ಮಾಡಿದೆ ಅಂದರೆ ಸರಿ.

೧. ಮಂಪರಿನ ಕೋರ್ಸು

ನಮ್ಮ ಅತ್ತಿ, ಅಂದರೆ ಅಪ್ಪನ ತಂಗಿ, ಇರುವುದು ಸಂಗೊಳ್ಳಿಯಲ್ಲಿ. ಕಾಲೇಜಿಗೆ ಸೇರಿದ ದಿನ ಫೋನ್ ಮಾಡಿ, "ಅತ್ತಿ, ಅನಿಮೇಷನ್ ಸಿಕ್ತು" ಅಂದೆ. ಅತ್ತಿಗೆ ಹಿಂದಿನ ವರ್ಷವಷ್ಟೇ ಹೊಟ್ಟೆಯ ಆಪರೇಷನ್ ಆಗಿತ್ತು. 'ಅನ'ದಿಂದ ಶುರುವಾಗುವ ಇಂಗ್ಲಿಷ್ ಶಬ್ದ ಅವಳಿಗೆ ಗೊತ್ತಿದ್ದದ್ದು ಒಂದೇ. ನಾನು ಅನಸ್ತೇಶಿಯಾ ಕಲಿಯುತ್ತಿದ್ದೇನೆ ಅಂತ ಸಂಜೆಯೊಳಗೆ ಅರ್ಧ ಸಂಗೊಳ್ಳಿಗೆ ಸುದ್ದಿ ಮುಟ್ಟಿಸಿದಳು.

ಮುಂದಿನ ವಾರ ಅವಳ ಮನೆಗೆ ಊಟಕ್ಕೆ ಹೋದಾಗ ಬಾಜೂ ಮನೆಯ ಹೆಂಗಸು ಬಂದು ನನ್ನ ಕೈ ಹಿಡಿದುಕೊಂಡಳು.

"ತಂಗಿ, ನಮ್ಮ ಸೊಸಿ ಹೆರಿಗಿ ಬರೂ ತಿಂಗಳ ಐತಿ. ಆಪರೇಷನ್ ಅಂದಾರ. ಮಂಪರಿನ ಸೂಜಿ ನೀನ ಹಾಕ ಬಾರವಾ. ಗುರ್ತಿನ ಕೈ ಇದ್ರ ಧೈರ್ಯ."

"ಅಯ್ಯ ಕಾಕಿ, ನಾ ಸೂಜಿ ಹಾಕಂಗಿಲ್ರಿ. ಚಿತ್ರಾ ಬಿಡಸತೇನಿ. ಆಮ್ಯಾಲ ಅವು ನಡದಾಡೂ ಹಂಗ ಮಾಡತೇನಿ."

ಅವಳು ಅತ್ತಿಯ ಕಡೆ ತಿರುಗಿದಳು. "ಏನ ಬೇ, ನಡದಾಡೂ ಮಂದೀನ ಮಲಗಸತಾಳ ಅಂದಿದ್ದಿ. ಈಕಿ ಉಲ್ಟಾ ಹೇಳಾಕ ಹತ್ಯಾಳ?"

ಅತ್ತಿ ಸೋಲುವವಳಲ್ಲ. "ಎರಡೂ ಒಂದ ಬಿಡ. ಕಡೀಕ ಎಚ್ಚರಾದ್ರ ಸಾಕಲ್ಲ" ಅಂದಳು.

ಮರುದಿನ ನಗುತ್ತಲೇ ಕಾಲೇಜಿಗೆ ಹೋದೆ. ಮಧ್ಯಾಹ್ನದ ಊಟವಾದ ಮೇಲೆ ಮೊದಲನೇ ಥಿಯರಿ ಕ್ಲಾಸು. ಸರ್ ಪರದೆಯ ಮೇಲೆ ಇದ್ದದ್ದನ್ನು ಇದ್ದ ಹಾಗೆ, ಒಂದೇ ದನಿಯಲ್ಲಿ, ಒಂದೊಂದೇ ಸಾಲು ಓದತೊಡಗಿದರು. ಹತ್ತು ನಿಮಿಷಕ್ಕೆ ಹಿಂದಿನ ಮೂರು ಬೆಂಚು ನೆಲಕಚ್ಚಿದವು. ಹದಿನೈದಕ್ಕೆ ನನ್ನ ಪಕ್ಕದವಳ ತಲೆ ನನ್ನ ಹೆಗಲ ಮೇಲೆ ಬಂತು. ನಡೆದಾಡುವ ಮಂದಿಯನ್ನು ಮಲಗಿಸುವ ಕೋರ್ಸು ಅಂತ ಅತ್ತಿ ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಅನ್ನಿಸಿತು.

೨. ಸೌಂಡ್ ಇಲ್ಲದ ನಗು

ನಾನು ಎಚ್ಚರಾದದ್ದೂ ಅದೇ ಸರ್ ಕ್ಲಾಸಿನಲ್ಲಿ. ಕಡೆಯ ವರ್ಷ ಒಂದು ದಿನ ಬಟ್ಟೆ ತೊಳೆಯುವ ಪೌಡರಿನ ಜಾಹೀರಾತು ಹಾಕಿದರು. ಸ್ಪೀಕರ್ ಕೆಟ್ಟಿತ್ತು. "ಹಾಂಗ ನೋಡ್ರಿ, ನಡೀತೈತಿ" ಅಂದರು.

ಹಾಂಗ ನೋಡಿದೆವು. ಹಾಡಿಲ್ಲ, ಮಾತಿಲ್ಲ. ಪರದೆಯ ಮೇಲೆ ಒಬ್ಬ ಹೆಂಗಸು ಗಂಡನ ಅಂಗಿಯ ಕಾಲರ್ ಹಿಡಿದು ಅದರ ಮುಖ ನೋಡಿ ನಗುತ್ತಿದ್ದಾಳೆ. ಅದನ್ನು ಎತ್ತಿ ಬೆಳಕಿಗೆ ಹಿಡಿದು ನಗುತ್ತಿದ್ದಾಳೆ. ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಮತ್ತೆ ನಗುತ್ತಿದ್ದಾಳೆ. ಸೌಂಡ್ ಇಲ್ಲದಾಗ ಅದು ಜಾಹೀರಾತಿನಂತೆ ಕಾಣಲಿಲ್ಲ. ಮನೆಯವರು ಆಕೆಯನ್ನು ಬೇಗ ಡಾಕ್ಟರಿಗೆ ತೋರಿಸಬೇಕಿತ್ತು. ನಮ್ಮವ್ವ ನನಗೆ ತಿಳಿವಳಿಕೆ ಬಂದಾಗಿನಿಂದ ಬಟ್ಟೆ ಒಗೆಯುತ್ತಿದ್ದಾಳೆ, ಒಂದು ಕಾಲರಿಗೂ ನಕ್ಕದ್ದು ನಾನು ನೋಡಿಲ್ಲ.

ಕ್ಲಾಸು ಮುಗಿದ ಕೂಡಲೇ ಹೋಗಿ, "ಸರ್, ನನ್ನ ಪ್ರಾಜೆಕ್ಟ್ ಇದರ ಮ್ಯಾಲ ಮಾಡತೇನ್ರಿ" ಅಂದೆ.

"ಬ್ಯಾಡವಾ, ಹಳೇ ವಿಷಯ ಆತು. ಭಾಳ ಮಂದಿ ಮಾಡ್ಯಾರ."

"ಹಳೇದಾಗಿದ್ರ ಇವರು ಇನ್ನೂ ಯಾಕ ಹಂಗ ತೋರಸಾಕ ಹತ್ತಾರ್ರಿ?"

ಸರ್ ಕನ್ನಡಕ ತೆಗೆದು ಒರೆಸಿದರು. "ಸಾಫ್ಟ್‌ವೇರಿನ ಮ್ಯಾಲ ಮಾಡು. ಯಾರ ಜೋಡೀನೂ ಜಗಳ ಬರಂಗಿಲ್ಲ."

"ಅದಕ್ಕ ಅದು ಬ್ಯಾಡ್ರಿ."

"ಫೇಲಾದ್ರ ನನ್ನ ಕೇಳಬ್ಯಾಡ ಮತ್ತ."

ಫೇಲಾದರೆ ಕೇಳುವವರು ಬೇರೆ ಇದ್ದರು. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಒಂದ ಸಬ್ಜೆಕ್ಟ್ ಉಳದ್ರೂ ಕಾಲೇಜ್ ಬಂದ್. ಮುಂದಿಂದು ನಾ ಹೇಳಿದಂಗ." ಮುಂದಿನದು ಅಂದರೆ ಗೋಕಾಕ ಕಡೆಯ ಒಬ್ಬ ವರ. ಅವನ ಫೋಟೋ ಆಗಲೇ ನಮ್ಮ ಮನೆಯ ಶೋಕೇಸಿನಲ್ಲಿ, ನನಗೆ ಚಿತ್ರಕಲೆಯಲ್ಲಿ ಬಂದ ಬಹುಮಾನದ ಕಪ್ಪಿನ ಮುಂದೆ, ಕಪ್ಪು ಕಾಣದ ಹಾಗೆ ಕೂತಿತ್ತು. ಆದರೂ ನಾನು ಅಲ್ಲಿಂದ ಕದಲಲಿಲ್ಲ. ಐದು ನಿಮಿಷ ನಿಂತೇ ಇದ್ದೆ. ಸರ್ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದು ಪ್ರಾಜೆಕ್ಟಿನ ಫಾರ್ಮಿಗೆ ಸಹಿ ಮಾಡಿದರು.

"ಇಷ್ಟ ಲಗೂನ ಒಪ್ಪಿದ್ರೆಲ್ರಿ ಸರ್!"

"ಮನ್ಯಾಗ ಮೂರ ಮಂದಿ ಹೆಣ್ಣಮಕ್ಕಳದಾರವಾ" ಅಂದರು. "ಎಲ್ಲಿ ಸಹಿ ಮಾಡಬೇಕಂತ ಈಗ ನನಗ ಲಗೂನ ತಿಳೀತೈತಿ."

೩. ಹೆಣ್ಣಿನ ನಡಿಗೆ

ಅನಿಮೇಷನ್‌ನಲ್ಲಿ ಪಾತ್ರವನ್ನು ನಡೆಸುವುದು ಕಲಿಯಲು ಮಾದರಿ ಹಾಳೆಗಳಿರುತ್ತವೆ. ನಮ್ಮ ಲ್ಯಾಬಿನ ಹಾಳೆಯಲ್ಲಿ ಗಂಡಸಿಗೆ ಆರು ನಡಿಗೆ: ದಣಿದ ನಡಿಗೆ, ಸಿಟ್ಟಿನ ನಡಿಗೆ, ಗತ್ತಿನ ನಡಿಗೆ, ಕಳ್ಳ ನಡಿಗೆ, ಕುಡಿದ ನಡಿಗೆ, ಅವಸರದ ನಡಿಗೆ. ಅದರ ಕೆಳಗೆ ಒಂದೇ ಒಂದು ಚಿತ್ರ: 'ಹೆಣ್ಣಿನ ನಡಿಗೆ'. ಒಂದು ಕಾಲಿನ ಮುಂದೆ ಇನ್ನೊಂದು ಕಾಲಿಟ್ಟು ಬಳುಕುತ್ತ ಹೋಗುವುದು.

"ನಾವು ದಣಿಯೂದ ಇಲ್ಲೇನ್ರಿ?" ಅಂತ ಲ್ಯಾಬಿನಲ್ಲಿ ಕೇಳಿದೆ. ಸರಿ, ನಾನೇ ಮಾದರಿ ತರುತ್ತೇನೆ ಅಂತ ಮೊಬೈಲ್ ಹಿಡಿದು ಬೈಲಹೊಂಗಲದ ಸಂತೆಗೆ ಹೋದೆ. ಕಾಯಿಪಲ್ಯ ಮಾರುವ ಒಬ್ಬ ಅಜ್ಜಿಯ ಮುಂದೆ ಕೂತೆ.

"ಅಮ್ಮಾ, ನೀವು ನಡಿಯೂದು ಒಂದೀಟ ವಿಡಿಯೋ ಮಾಡಕೊಳ್ಳಲೇನ್ರಿ?"

"ಯಾಕವಾ, ನಿನಗ ನಡಿಯಾಕ ಬರಂಗಿಲ್ಲೇನು?"

"ಕಾಲೇಜಿಗೆ ಬೇಕ್ರಿ. ಚಿತ್ರಾ ಬಿಡಸತೇನಿ."

ಅಜ್ಜಿ ಎದ್ದಳು. ಸೀರೆ ಕೊಡವಿದಳು, ಸೆರಗು ತಲೆಯ ಮೇಲೆ ಹೊದ್ದಳು. ಆಮೇಲೆ, ದೇವರೇ, ಸೀರಿಯಲ್ಲಿನ ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ, ಗೆಜ್ಜೆ ಕಟ್ಟಿದವಳಂತೆ ಅರ್ಧರ್ಧ ಹೆಜ್ಜೆ ಇಡುತ್ತ ಟೊಮೆಟೊ ಬುಟ್ಟಿಯಿಂದ ಬದನೆಕಾಯಿ ಬುಟ್ಟಿಯವರೆಗೆ ಹೋದಳು.

"ಹಂಗಲ್ರೀ ಅಮ್ಮಾ, ದಿನಾ ನಡಿಯೂ ಹಂಗ ನಡೀರಿ."

"ದಿನಾ ನಡಿಯೂದು ಯಾರ್ ನೋಡತಾರವಾ? ಟಿವ್ಯಾಗ ಹಿಂಗ ನಡೀತಾರ."

ನನಗೆ ಅಳು ಬಂತು. ಅರವತ್ತೈದು ವರ್ಷದ ಅಜ್ಜಿಗೂ ಅದೇ ಹಾಳೆ ಹಂಚಿಬಿಟ್ಟಿದ್ದಾರಲ್ಲ! ಅಷ್ಟರಲ್ಲಿ ಎಲ್ಲಿಂದಲೋ ಬಂದ ಒಂದು ಆಕಳು ಅಜ್ಜಿಯ ಕೊತ್ತಂಬರಿ ರಾಶಿಗೆ ಬಾಯಿ ಹಾಕಿತು.

ಅಜ್ಜಿಯ ತಲೆಯ ಮೇಲಿನ ಸೆರಗು ಸೊಂಟಕ್ಕೆ ಬಂತು. ಸೀರೆ ಮೊಣಕಾಲಿಗೆ ಏರಿತು. ಒಂದು ಕೈಯಲ್ಲಿ ತಕ್ಕಡಿ. ಎರಡು ಬುಟ್ಟಿ ಹಾರಿ, ಆ ಆಕಳಿಗೂ ಅದರ ಮಾಲಕನಿಗೂ ಅವನ ಮೂರು ತಲೆಮಾರಿಗೂ ಸಲ್ಲಬೇಕಾದ್ದನ್ನೆಲ್ಲ ಸಲ್ಲಿಸುತ್ತ ಸಂತೆಯ ಆ ತುದಿಯವರೆಗೆ ಓಡಿದಳು. ನಾನು ಹಿಂದೆಯೇ ಮೊಬೈಲ್ ಹಿಡಿದು ಓಡಿದೆ. ವಾಪಸ್ ಬಂದು ಏದುಸಿರು ಬಿಡುತ್ತ ಕೂತ ಅಜ್ಜಿಗೆ ವಿಡಿಯೋ ತೋರಿಸಿದೆ. ನೋಡಿ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಇದನ್ನ ತೋರಸು. ಇದು ನಾನ ಖರೇ" ಅಂದಳು.

ವಾರವಿಡೀ ಕೂತು ಅದನ್ನು ಬಿಡಿಸಿದೆ. ಲ್ಯಾಬಿನ ಗೋಡೆಯ ಮೇಲೆ ಹಳೆಯ ಹಾಳೆಯ ಪಕ್ಕದಲ್ಲೇ ಅಂಟಿಸಿ ಹೆಸರು ಬರೆದೆ: 'ಹೆಣ್ಣಿನ ನಡಿಗೆ, ಎರಡನೆಯ ಬಗೆ: ಕೊತ್ತಂಬರಿಗೆ ದನ ಬಂದಾಗ.'

೪. ದೊಡ್ಡವ್ವನ ಗೆರೆ

ಸಂಶೋಧನೆಗೆ ಲೆಕ್ಕ ಬೇಕು ಅಂದರು ಸರ್. "ಬರೇ ಸಿಟ್ಟಿದ್ರ ಸಾಲಂಗಿಲ್ಲ, ತಖ್ತೆ ಬೇಕು." ರಾಮದುರ್ಗದಲ್ಲಿ ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಇದ್ದಾಳೆ. ಸಂಜೆಯಾದರೆ ಓಣಿಯ ನಾಲ್ಕು ಹೆಂಗಸರು ಅವಳ ಮನೆಯಲ್ಲಿ ಸೀರಿಯಲ್ ನೋಡಲು ಸೇರುತ್ತಾರೆ. ನಾನು ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿಕೊಂಡು ಹೋದೆ: ಅಳುವುದು, ಅಡಿಗೆ ಮಾಡುವುದು, ಕಾಲಿಗೆ ಬೀಳುವುದು, ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವುದು. ಟಿವಿಯಲ್ಲಿ ಒಮ್ಮೆ ಆದರೆ ಒಂದು ಗೆರೆ.

"ಏನ ಬರಿಯಾಕ ಹತ್ತೀ?" ಅಂದಳು ದೊಡ್ಡವ್ವ. ಹೇಳಿದೆ. ಅವರಿಗೆ ಸೀರಿಯಲ್ಲಿಗಿಂತ ಇದೇ ರುಚಿಯಾಯಿತು.

"ಅಳು, ಒಂದ! ಬರಕೋ!"

"ಅಕ್ಕಾ, ಅದು ಅಳು ಅಲ್ಲ, ಬರೇ ಕಣ್ಣ ತುಂಬ್ಯಾವ. ಅರ್ಧಾ ಗೆರಿ ಹಾಕ."

"ಏ, ಬಾಗಲ ಹಿಂದ ನಿಂತಾಳ ನೋಡ! ಎರಡನೇ ಸಲಾ!"

"ಮನಿ ತುಂಬ ಬಾಗಲ ಅದಾವ. ಈಕಿಗೆ ಕೆಲಸಾ ಇಲ್ಲೇನ?"

ಜಾಹೀರಾತು ಬರುವಷ್ಟರಲ್ಲಿ ಅಳುವಿನ ಕಾಲಂ ತುಂಬಿ ಹೊಸ ಪುಟ ತಿರುಗಿಸಬೇಕಾಯಿತು. ನಾಲ್ವರಲ್ಲಿ ಎಲ್ಲರಿಗಿಂತ ಸುಮ್ಮನಿರುವ, ಬಳೆ ಅಂಗಡಿಯ ಚಾಚಿ, ನಿಧಾನಕ್ಕೆ ಒಂದು ಮಾತು ಅಂದಳು: "ಮೂರ ವರ್ಷದಿಂದ ದಿನಾ ಇದನ್ನ ನೋಡಾಕತ್ತೇವಿ. ಇಷ್ಟ ಅಳತಾರಂತ ಗೊತ್ತ ಇರಲಿಲ್ಲ ನೋಡ್ರಿ. ಲೆಕ್ಕಾ ಹಾಕಿದ ಮ್ಯಾಲ ಬ್ಯಾಸರಾತು."

ಆ ಹೊತ್ತಿಗೆ ದೊಡ್ಡಪ್ಪ ಒಳಗಿನಿಂದ ಕೂಗಿದರು. "ಏ, ಒಂದೀಟ ಚಹಾ ಮಾಡಕೊಂಡ ಬಾರ!"

ದೊಡ್ಡವ್ವ ಅಭ್ಯಾಸಬಲದಿಂದ ಎದ್ದಳು. ಅರ್ಧಕ್ಕೇ ನಿಂತಳು. ನನ್ನ ನೋಟ್‌ಬುಕ್ ನೋಡಿದಳು.

"ಇದಕ್ಕ ಕಾಲಂ ಐತೇನ?"

"ಇಲ್ಲ ದೊಡ್ಡವ್ವಾ."

"ಒಂದ ಕಾಲಂ ಮಾಡ, ಗೆರಿ ಹಾಕ" ಅಂದು ಮತ್ತೆ ಕೂತುಬಿಟ್ಟಳು.

ದೊಡ್ಡಪ್ಪ ಮತ್ತೆ ಕೂಗಿದರು. ನಾಲ್ಕೂ ಮಂದಿ ಒಂದೇ ದನಿಯಲ್ಲಿ, "ಎರಡ!" ಅಂದರು. ಮೂರನೆಯ ಗೆರೆಗೆ ದೊಡ್ಡಪ್ಪ ಹೊರಗೆ ಬಂದು ಏನು ನಡೆದಿದೆ ಅಂತ ನೋಡಿದರು. ನಾಲ್ಕನೆಯ ಗೆರೆ ಬೀಳಲೇ ಇಲ್ಲ. ಅಡಿಗೆ ಮನೆಯಿಂದ ಅವರ ದನಿ ಬಂತು: "ಚಹಾಪುಡಿ ಡಬ್ಬಿ ಯಾವುದ?"

೫. ಮುನವಳ್ಳಿ ಬಸ್ಸು

ಸವದತ್ತಿಯಿಂದ ಮುನವಳ್ಳಿಗೆ ಹೊರಟಿದ್ದೆ. ಬಸ್ಸು ತುಂಬ ಹೆಣ್ಣುಮಕ್ಕಳು. ಕಂಡಕ್ಟರ್ ಕೂಡ ಹೆಣ್ಣುಮಗಳೇ. ನೋಟ್‌ಬುಕ್ ತೆಗೆದೆ.

"ಮೇಡಂ, ಟಿವ್ಯಾಗ, ಸಿನಿಮಾದಾಗ ನಿಮ್ಮಂಥಾ ಕಂಡಕ್ಟರ್ ನೋಡೀರೇನ್ರಿ?"

"ನೋಡೇನಿ ತಂಗಿ. ಹೀರೋ ಬಸ್ ಹತ್ತಿದ ಕೂಡಲೇ ಆಕಿ ಕೈಯಾಗಿನ ಮಶೀನ್ ಬೀಳತೈತಿ, ಗಾಳಿ ಬೀಸತೈತಿ, ಕೂದಲಾ ಹಾರತಾವು. ನಮ್ಮ ಬಸ್ಸಿನ ಕಿಡಕಿನ ತೆರಿಯಾಕ ಬರಂಗಿಲ್ಲ, ಗಾಳಿ ಎಲ್ಲಿಂದ ಬರಬೇಕು?"

ಮುಂದಿನ ಸೀಟಿನಲ್ಲಿ ಪೇಪರ್ ಓದುತ್ತಿದ್ದ ಒಬ್ಬ ಕಾಕಾ ತಿರುಗಿದ. "ಹೆಣ್ಣಮಕ್ಕಳಿಗೆ ಈ ಕೆಲಸಾ ಒಪ್ಪಂಗಿಲ್ಲವಾ. ಟಿವ್ಯಾಗ ಮನ್ಯಾಗ ತೋರಸತಾರಲ್ಲ, ಅದ ಬರೋಬ್ಬರಿ. ಹೆಣ್ಣಿಗೆ ಮನೀನ ಚಂದ."

ಕಂಡಕ್ಟರ್ ಸೀಟಿ ತೆಗೆದು ಒಂದು ಸಲ ಊದಿದಳು. ಎರಡೂ ಕಡೆ ಬರೀ ಗೋವಿನಜೋಳದ ಹೊಲ, ಹತ್ತಿರದಲ್ಲಿ ಊರಿಲ್ಲ, ಅಂಥಲ್ಲಿ ಬಸ್ಸು ನಿಂತಿತು. "ಏನಾತ್ರೀ?" ಅಂದ ಡ್ರೈವರ್.

"ಕಾಕಾಗ ನಾ ಮನ್ಯಾಗ ಇರಬೇಕಂತ. ಇಳದ ಮನಿಗೆ ಹೋಗಲೇನ್ರಿ?"

ಡ್ರೈವರ್ ಎಂಜಿನ್ ಬಂದ್ ಮಾಡಿ ಆರಾಮಾಗಿ ಹಿಂದಕ್ಕೆ ಒರಗಿದ. "ನೀವಿಲ್ಲದ ಬಸ್ ಬಿಡಾಕ ನನಗ ಆರ್ಡರ್ ಇಲ್ರಿ. ಕಾಕಾನ ಕೇಳ್ರಿ."

ಹಿಂದಿನಿಂದ ಒಬ್ಬಳು, "ಕಾಕಾನ್ನ ಇಳಸ್ರಿ!" ಅಂದಳು. ಇನ್ನೊಬ್ಬಳು, "ಮನೀನ ಚಂದ ಅಂದ್ರ ಮನಿಗೇ ಹೋಗಲಿ!" ಅಂದಳು. ನಲವತ್ತು ಹೆಣ್ಣುಮಕ್ಕಳು ಒಮ್ಮೆಲೇ ಬಾಯಿ ತೆಗೆದರೆ ಏನಾಗುತ್ತದೆ ಅಂತ ಕಾಕಾನಿಗೆ ಯಾವ ಚಾನೆಲ್ಲೂ ತೋರಿಸಿರಲಿಲ್ಲ. ಪೇಪರ್ ಮಡಚಿ ಬಗಲಿಗೆ ಇಟ್ಟುಕೊಂಡ.

"ನಾ ಟಿವಿ ವಿಷಯಾ ಹೇಳಿದ್ನವಾ. ಬಸ್ಸಿಂದಲ್ಲ. ನೀ ರೈಟ್ ಅನ್ನು ತಾಯಿ."

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: 'ಪುರುಷ ಪ್ರೇಕ್ಷಕರ ಅಭಿಪ್ರಾಯ ಗಟ್ಟಿಯಾಗಿದೆ. ಬಸ್ಸು ನಿಂತರೆ ಬದಲಾಗುತ್ತದೆ.'

೬. ಫೋಟೋ ಯಾಕ?

ಕಿತ್ತೂರಿನಲ್ಲಿ ಒಂದು ಫ್ಲೆಕ್ಸ್ ಅಂಗಡಿ. ಬ್ಯಾನರುಗಳಲ್ಲಿ ಹೆಣ್ಣುಮಕ್ಕಳ ಚಿತ್ರ ಹೇಗಿರುತ್ತದೆ ನೋಡೋಣ ಅಂತ ಒಳಗೆ ಹೋದೆ. ಕಂಪ್ಯೂಟರಿನ ಮೇಲೆ ಒಂದು ಬ್ಯಾನರ್ ತಯಾರಾಗುತ್ತಿತ್ತು. ದೊಡ್ಡ ಅಕ್ಷರದಲ್ಲಿ 'ಮಹಿಳಾ ಸಮಾವೇಶ'. ಮೇಲೆ ಸಾಲಾಗಿ ಒಂಬತ್ತು ಗಂಡಸರ ಫೋಟೋ. ಎಲ್ಲರಿಗೂ ಮೀಸೆ. ಕೆಳಗೆ ಮೂಲೆಯಲ್ಲಿ ಕೈಮುಗಿದು ನಿಂತ ಒಬ್ಬ ಬೆಳ್ಳನೆಯ ಸುಂದರಿ.

"ಅಣ್ಣಾ, ಇದು ಯಾರ ಸಮಾವೇಶಾರಿ?"

"ಹೆಣ್ಣಮಕ್ಕಳದ್ರಿ. ಕಾಣಸವಲ್ದೇನ್ರಿ? ಬರದೈತೆಲ್ಲ."

"ಮತ್ತ ಹೆಣ್ಣಮಕ್ಕಳ ಫೋಟೋ?"

"ಅವ್ರು ಹೆಂಗೂ ಬರತಾರಲ್ರಿ, ಫೋಟೋ ಯಾಕ?"

ಅಷ್ಟರಲ್ಲಿ ಬ್ಯಾನರ್ ನೋಡಲು ಸಮಾವೇಶ ನಡೆಸುವ ಮಹಿಳಾ ಸಂಘದ ಅಧ್ಯಕ್ಷೆಯೇ ಬಂದಳು. ಹೊಲದಿಂದ ಸೀದಾ ಬಂದಿದ್ದಳೇನೋ, ಕಾಲಿಗೆ ಕರಿ ಮಣ್ಣು ಹಾಗೇ ಇತ್ತು. ಕಂಪ್ಯೂಟರಿನ ಮುಂದೆ ಬಗ್ಗಿ, ಮೂಲೆಯ ಸುಂದರಿಯ ಮೇಲೆ ಬೆರಳಿಟ್ಟಳು.

"ಈಕಿ ಯಾರು?"

"ಯಾರೂ ಅಲ್ರಿ ಅಕ್ಕಾರ. ನೆಟ್‌ನ್ಯಾಗ ಸಿಕ್ಕಳು. ಬಂಗಾರದ ಅಂಗಡಿ ಜಾಹೀರಾತಿನಾಕಿ."

"ಒಂದ ಮೀಟಿಂಗಿಗೂ ಬಂದಿಲ್ಲ ಈಕಿ. ತಗೀ."

ಅವನು ತೆಗೆದ. ನಾನು ಧೈರ್ಯ ಮಾಡಿ, "ಅಕ್ಕಾರ, ನಿಮ್ಮ ಸಂಘದವರನ್ನ ನಾ ಬಿಡಿಸಿಕೊಡತೇನಿ" ಅಂದೆ. ಅವಳು ಫೋನ್ ಮಾಡಿ ಆರು ಮಂದಿಯನ್ನು ಕರೆಸಿದಳು. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ ಬಿಡಿಸಿದೆ. ಒಬ್ಬಳಿಗೆ ಹಲ್ಲು ಉಬ್ಬು. "ಹಲ್ಲ ಒಳಗ ಹಾಕಲೇನ್ರಿ?" ಅಂದರೆ, "ಯಾಕ? ಐವತ್ತ ವರ್ಷ ಹೊರಗ ಅದಾವು, ಇರ್ಲಿ ಬಿಡ" ಅಂದಳು. ಅಧ್ಯಕ್ಷೆಯದೂ ಸೇರಿ ಏಳು ಮುಖ ಬ್ಯಾನರ್ ತುಂಬ ಬಂದವು. ಫ್ಲೆಕ್ಸಿನವನಿಗೆ ಚಿಂತೆ ಹತ್ತಿತು.

"ಅಕ್ಕಾರ, ಜಾಗಾನ ಉಳದಿಲ್ಲ. ಈ ಒಂಬತ್ತ ಮಂದಿ ಸಾಹೇಬರನ್ನ ಎಲ್ಲಿ ಹಾಕಲ್ರಿ?"

ಅಧ್ಯಕ್ಷೆ ಹೊರಡುತ್ತ ಚಪ್ಪಲಿ ಮೆಟ್ಟಿದಳು. "ಅವ್ರು ಹೆಂಗೂ ಬರತಾರಲ್ಲ, ಫೋಟೋ ಯಾಕ?"

೭. ಸೊಂಟದ ಪ್ರಶ್ನೆ

ಸಂಶೋಧನೆಯ ಜೊತೆ ಮೂರು ನಿಮಿಷದ ಒಂದು ಸಿನಿಮಾ ಮಾಡಿ ತೋರಿಸಬೇಕಿತ್ತು. ನನ್ನ ಸಿನಿಮಾದ ನಾಯಕಿ ಬೈಲಹೊಂಗಲದ ಒಬ್ಬ ಸಾಧಾರಣ ಹೆಣ್ಣುಮಗಳು. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ನೀರು ಹೊತ್ತು, ಗಂಡನ ಅಂಗಡಿಗೆ ಬುತ್ತಿ ಕಳಿಸಿ, ಬಟ್ಟೆ ಒಗೆದು ಹಿಂಡುತ್ತಾಳೆ. ಒಂದು ಕಡೆಯೂ ನಗುವುದಿಲ್ಲ, ಒಂದು ಕಡೆಯೂ ಅಳುವುದಿಲ್ಲ. ಕಡೆಗೆ ಎಲ್ಲ ಕೆಲಸ ಬಿಟ್ಟು ಬಾಗಿಲಿಗೆ ಚಿಲಕ ಹಾಕಿಕೊಂಡು ಅರ್ಧ ನಿಮಿಷ ಸುಮ್ಮನೆ ಕೂರುತ್ತಾಳೆ. ಅಷ್ಟೇ ಕಥೆ.

ಪರೀಕ್ಷೆಯ ದಿನ ಪಾಲಕರೂ ಬರಬಹುದು ಅಂದಿದ್ದರು. ಅಪ್ಪ, ಅವ್ವ ಬಂದರು. ಅಪ್ಪನ ಮುಖ ನೋಡಿದರೆ, ಫಲಿತಾಂಶ ಅಲ್ಲೇ ತಿಳಿದುಕೊಂಡು ಅಲ್ಲಿಂದಲೇ ಗೋಕಾಕಕ್ಕೆ ಫೋನ್ ಮಾಡುವ ಹಾಗಿತ್ತು. ಅವ್ವ ಕಡೆಯ ಸಾಲಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಪರೀಕ್ಷಕರು ದೊಡ್ಡ ಊರಿನಿಂದ ಬಂದ ಹಿರಿಯರು. ನನ್ನ ಸರ್ ಪಕ್ಕದಲ್ಲಿ ಕೂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

ಸಿನಿಮಾ ಮುಗಿಯಿತು. ಪರೀಕ್ಷಕರು ಗಂಟಲು ಸರಿಮಾಡಿಕೊಂಡರು.

"ಕೆಲಸ ಚೆನ್ನಾಗಿದೆಯಮ್ಮ. ಚಲನೆ ಚೆನ್ನಾಗಿದೆ. ಆದರೆ ನಾಯಕಿಯ ರೂಪದಲ್ಲಿ ಆಕರ್ಷಣೆಯೇ ಇಲ್ಲವಲ್ಲ. ಕಾಲು ದಪ್ಪ, ತೋಳು ದಪ್ಪ. ಹೆಣ್ಣಿನ ಪಾತ್ರ ಅಂದಮೇಲೆ... ಸೊಂಟ ಎಲ್ಲಿದೆ?"

ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ಎರಡು ತಿಂಗಳು ಓದಿದ್ದ ಥಿಯರಿಯನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು, "ಸರ್, ದೃಶ್ಯ ಮಾಧ್ಯಮದಲ್ಲಿ ನೋಡುವವನ ನೋಟವು..." ಅಂತ ಶುರು ಮಾಡಿದೆ.

"ಐತ್ರೀ."

ಕಡೆಯ ಸಾಲಿನಿಂದ. ಎಲ್ಲರೂ ತಿರುಗಿದರು. ಅವ್ವ ಎದ್ದು ನಿಂತಿದ್ದಳು. ಅಪ್ಪ ಅವಳ ಸೆರಗು ಹಿಡಿದು ಕೆಳಗೆ ಎಳೆಯುತ್ತಿದ್ದರು.

"ಐತ್ರೀ ಸರ, ಸೊಂಟ ಐತಿ. ಅದು ನಾನ. ನನ್ನ ನೋಡೇ ಬಿಡಸ್ಯಾಳ. ಸೊಂಟ ಐತಿ, ಆದ್ರ ನೋಯಾಕ ಹತ್ತೈತಿ. ಅದಕ್ಕ ಬಳುಕಂಗಿಲ್ಲ."

ಹುಡುಗಿಯರ ಕಡೆಯಿಂದ ಎದ್ದ ನಗು ಗೋಡೆ ಗೋಡೆಗೆ ಬಡಿಯಿತು. ಪರೀಕ್ಷಕರ ಮುಖ ಕೆಂಪಾಯಿತು. ಆದರೆ ಒಳ್ಳೆಯ ಮನುಷ್ಯ. ಅವರಿಗೂ ನಗು ತಡೆಯಲಾಗಲಿಲ್ಲ. "ತಾಯಿ, ನನಗೂ ಎರಡು ವರ್ಷದಿಂದ ಸೊಂಟ ನೋವು, ಒಳಗೆ ಬೆಲ್ಟ್ ಹಾಕಿಕೊಂಡಿದ್ದೇನೆ" ಅಂದರು.

"ನೋಡ್ರಿ ಮತ್ತ!" ಅಂದಳು ಅವ್ವ. "ನಿಮಗೂ ಸೊಂಟ ಐತಿ. ಇಷ್ಟ ವರ್ಷದಾಗ ಯಾರರೆ ನಿಮಗ, ಸಾಹೇಬ್ರ, ಒಂದೀಟ ಬಳಕಸ್ರಿ ಅಂದಾರೇನು?"

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು ಅಂಕ ಹಾಕಿದರು. ನನಗೆ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಪಾಸಾದೆ. ಬರೀ ಪಾಸಲ್ಲ, ಕ್ಲಾಸಿನಲ್ಲಿ ಎರಡನೆಯವಳು. ಅಪ್ಪ ಗೋಕಾಕಕ್ಕೆ ಫೋನ್ ಮಾಡಲಿಲ್ಲ. ಬೈಲಹೊಂಗಲದ ಬಸ್ಸಿನಲ್ಲಿ ಯಾವಾಗಲೂ ತಾವೇ ಕೂರುವ ಕಿಟಕಿಯ ಸೀಟನ್ನು ಅವ್ವನಿಗೆ ಬಿಟ್ಟುಕೊಟ್ಟರು. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ, ಅತ್ತ ಇತ್ತ ನೋಡಿ, ಮೆಲ್ಲಗೆ ಕೇಳಿದರು.

"ಸೊಂಟ ಭಾಳ ನೋಯತೈತೇನ?"

"ಈಕಿ ಹುಟ್ಟಿದಾಗಿಂದ ನೋಯಾಕ ಹತ್ತೈತಿ" ಅಂದಳು ಅವ್ವ, ಕಿಟಕಿಯ ಹೊರಗೆ ನೋಡುತ್ತ. "ನಿಮಗ ತಿಳೀಬೇಕಂದ್ರ ಮಗಳು ಸಿನಿಮಾನ ತಗೀಬೇಕಾತು."